ಕಾಗಿಮರಿಯನ್ನು ಕರೆತರಲು ಲೀಡ್ಸಿಗೆ

ಸಿರುಗುಪ್ಪ

ವಿಲಾಯತಿಗೆ ಹೋಗಿ ಬಂದವಳು ನಾಲ್ಕು ಸಾಲು ಬರೆಯಬೇಕೆಂದು ನಮ್ಮ ಮಹಿಳಾ ಸಮಾಜದವರು ಗಂಟುಬಿದ್ದಿದ್ದಾರೆ. ನಾನು ಅಲ್ಲಿ ನೋಡಿದ್ದು ಒಂದು ಅಡುಗೆಮನೆ, ಒಂದು ಕೋರ್ಟು, ಒಂದು ಬಸ್ ಸ್ಟಾಪು. ರಾಣಿಯ ಅರಮನೆ ನೋಡಲಿಲ್ಲ. ಅದನ್ನು ಕೇಳಬೇಕೆನ್ನುವವರು ಬೇರೆಯವರನ್ನು ಕೇಳಬಹುದು.

ಹೋದ ಕಾರಣ ನನ್ನ ತಂಗಿ ನೀಲ. ಬಳ್ಳಾರಿಯಲ್ಲಿ ನರ್ಸ್ ಕೆಲಸ ಕಲಿತು, ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ಆಸ್ಪತ್ರೆಗೆ ಸೇರಿದ್ದಳು. ಅಲ್ಲೇ ನಮ್ಮ ಧಾರವಾಡದ ಕಡೆಯ ಹುಡುಗನನ್ನು ಮದುವೆಯಾದಳು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದು ದಿನ ಬೆಳಿಗ್ಗೆ ದಟ್ಟ ಮಂಜಿನಲ್ಲಿ ಇಬ್ಬರೂ ಇದ್ದ ಕಾರಿಗೆ ಲಾರಿ ಬಡಿಯಿತು. ಇಬ್ಬರೂ ಹೋದರು. ಏಳು ವರ್ಷದ ಮಗಳು ರೇಣುಕಾ ಆಗ ಶಾಲೆಯಲ್ಲಿದ್ದಳು. ಅದೊಂದು ದೇವರ ದಯೆ.

ತಂತಿಯನ್ನು ಪೋಸ್ಟ್ ಮಾಸ್ತರರೇ ತಂದರು. ನಮ್ಮ ಕಟ್ಟೆಯ ಮೇಲೆ ಕುಳಿತು, ಒಂದು ಚೊಂಬು ನೀರು ಕುಡಿದು, ಆಮೇಲೆ ಕೈಗೆ ಕೊಟ್ಟರು. ತಿಂಗಳಾದ ಮೇಲೆ ಅಲ್ಲಿಯ ಕೋರ್ಟಿನಿಂದ ಕಾಗದ ಬಂತು. ಹುಡುಗಿ ಸದ್ಯಕ್ಕೆ ನೀಲಳ ಜೊತೆ ಕೆಲಸ ಮಾಡುತ್ತಿದ್ದ ಜೋನ್ ಎಂಬ ನರ್ಸಿನ ಮನೆಯಲ್ಲಿದ್ದಾಳೆ, ಮುಂದೆ ಎಲ್ಲಿರಬೇಕೆಂಬುದನ್ನು ಕೋರ್ಟು ತೀರ್ಮಾನಿಸುತ್ತದೆ, ರಕ್ತಸಂಬಂಧಿಗಳು ಕೇಳುವುದಿದ್ದರೆ ಬರಬೇಕು ಎಂದಿತ್ತು.

ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಮ್ಮ ಮನೆಯವರು ಇಲ್ಲಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕಾಗದವನ್ನು ಮೂರು ಸಲ ಓದಿ, "ನೀನ ಹೋಗು" ಎಂದರು.

"ನನಗ ಇಂಗ್ಲೀಷ್ ಬರಂಗಿಲ್ಲ."

"ನನಗ ಬರ್ತೈತಿ. ಆದ್ರ ಹುಡುಗಿ ತಲಿ ಬಾಚಾಕ ಬರಂಗಿಲ್ಲ."

"ಇಬ್ರೂ ಹೋಗೋಣು."

"ಎಮ್ಮಿ ಹಿಂಡೋರು ಯಾರು? ಕೋರ್ಟಿನವ್ರು ಬರ್ತಾರೇನು?"

ಹೀಗೆ ತೀರ್ಮಾನವಾಯಿತು.

ಕುರುಗೋಡು, ಬಳ್ಳಾರಿ

ಕುರುಗೋಡು ನನ್ನ ತವರು. ಗುಡಿ ತುಂಬ ಮಲಗಿರುವ ದೊಡ್ಡಬಸವಣ್ಣನಿಗೆ ಕಾಯಿ ಒಡೆಸಿ, ಅವ್ವನ ಕಾಲಿಗೆ ಬಿದ್ದೆ. ಅವ್ವ ನೂರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಕೊಟ್ಟಳು. ಅದರಲ್ಲಿ ಕಲ್ಲುಪ್ಪು, ಒಣ ಮೆಣಸಿನಕಾಯಿ.

"ಆ ಊರಾಗ ಉಪ್ಪು ಸಿಗ್ತೈತಿ ಬೇ," ಎಂದೆ.

"ಸಿಗ್ತೈತಿ. ಆದ್ರ ಆ ಉಪ್ಪಿಗೆ ನಮ್ಮ ದೃಷ್ಟಿ ತೆಗಿಯಾಕ ಬರ್ತೈತೋ ಇಲ್ಲೋ, ಯಾರು ಕಂಡಾರ?" ಎಂದಳು. ಗಂಟು ಚೀಲಕ್ಕೆ ಹೋಯಿತು.

ಬಳ್ಳಾರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ, ಹನ್ನೊಂದು ವರ್ಷದ ಹಿಂದೆ ಅದೇ ಪ್ಲಾಟ್‌ಫಾರಮ್ಮಿನಲ್ಲಿ ನೀಲಳನ್ನು ಕಳಿಸಿದ್ದು ನೆನಪಾಯಿತು. ಆ ದಿನ ಅವಳು ಗಿಣಿಹಸಿರು ಸೀರೆ ಉಟ್ಟಿದ್ದಳು. ಕಳಿಸಲು ಬಂದವರು ಮೂವತ್ತು ಜನ ಇದ್ದರು. ನಾನು ಬಾಯಿ ತಡೆಯದೆ ಎಲ್ಲರೆದುರಿಗೆ, "ನಮ್ಮ ನೀಲ ನೋಡ್ರಿ, ರಾಣಿ ಹಂಗ ಕಾಣ್ತಾಳ!" ಎಂದುಬಿಟ್ಟೆ. ಅವ್ವ ನನ್ನ ತೋಳು ಚಿವುಟಿದ ಗುರುತು ನಾಲ್ಕು ದಿನ ಇತ್ತು.

ನಮ್ಮ ಮನೆತನದಲ್ಲಿ ಮಕ್ಕಳನ್ನು ಹೊಗಳುವುದಿಲ್ಲ. ತೊಟ್ಟಿಲಿನಿಂದಲೇ ಕಾಗಿ, ಮಂಗ್ಯಾ, ಕರಿ ಕುನ್ನಿ ಎಂದು ಕರೆಯುತ್ತೇವೆ. ಚೆಂದ ಎಂದರೆ ಯಾರದೋ ಕಣ್ಣು ಬೀಳುತ್ತದೆ. ನಾನು ಆ ಒಂದು ದಿನ ತಪ್ಪಿದೆ. ಹನ್ನೊಂದು ವರ್ಷಕ್ಕೆ ತಂತಿ ಬಂತು. ಎರಡಕ್ಕೂ ಸಂಬಂಧವಿಲ್ಲವೆಂದು ನಮ್ಮ ಮನೆಯವರು ಹಾಳೆಯ ಮೇಲೆ ಗೆರೆ ಎಳೆದು ತಿಳಿಸಿದ್ದಾರೆ. ಗೆರೆ ಸರಿಯಾಗಿಯೇ ಇತ್ತು. ಆದರೆ ನಾನು ಏನು ಅಂದೆನೆಂಬುದು ನನಗೆ ಗೊತ್ತು.

ಆದ್ದರಿಂದ ಈ ಸಲ ಪ್ಲಾಟ್‌ಫಾರಮ್ಮಿನಲ್ಲಿ ಯಾವುದನ್ನೂ ಒಳ್ಳೆಯದು ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ಬಂದ ರೈಲನ್ನೂ ಅನ್ನಲಿಲ್ಲ.

ಲಂಡನ್ನಿನ ವಿಮಾನ ನಿಲ್ದಾಣ

ಇಲ್ಲಿ ಒಬ್ಬ ಎತ್ತರದ ಅಧಿಕಾರಿ ನನ್ನ ರೊಟ್ಟಿ ಗಂಟನ್ನು ಬಿಚ್ಚಿ ಒಂದು ರೊಟ್ಟಿಯನ್ನು ಮುರಿದು ಒಳಗೇನಿದೆ ಎಂದು ನೋಡಿದ. ರೊಟ್ಟಿಯೊಳಗೆ ರೊಟ್ಟಿಯೇ ಇತ್ತು. ಇನ್ನೊಂದನ್ನು ಮುರಿದ. ಅದರಲ್ಲೂ ಅದೇ. ಮೂರನೆಯದಕ್ಕೆ ಕೈ ಹಾಕುವಾಗ, ಹಿಂದೆ ನಿಂತಿದ್ದ ಸರ್ದಾರ್ಜಿಯೊಬ್ಬರು ಏನೋ ಹೇಳಿ ಬಿಡಿಸಿದರು.

ಆಮೇಲೆ ಆತ ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ತೋರಿಸಿ ಇದೇನೆಂದು ಕೇಳಿದ.

"ನನ್ನ ಲಿಂಗ," ಎಂದೆ. ಸರ್ದಾರ್ಜಿ ಅದನ್ನು 'ಗಾಡ್' ಎಂದರು.

ತೆರೆಯಬೇಕಂತೆ. ಸ್ನಾನವಿಲ್ಲದೆ ಮುಟ್ಟುವಂತಿಲ್ಲ, ಸ್ನಾನದ ಕೋಣೆ ಎಲ್ಲಿದೆ ತೋರಿಸಿ, ಮಡಿಯಾಗಿ ಬಂದು ತೆರೆಯುತ್ತೇನೆ ಎಂದು ಹರಕುಮುರುಕು ಹಿಂದಿಯಲ್ಲಿ ಸರ್ದಾರ್ಜಿಗೆ ಹೇಳಿದೆ, ಅವರು ಆತನಿಗೆ ತಿಳಿಸಿದರು. ಆತ ನನ್ನ ಹಿಂದಿನ ಸಾಲನ್ನು ನೋಡಿದ. ಬಹಳ ಉದ್ದವಿತ್ತು. ಹೋಗು ಎಂದು ಕೈ ಬೀಸಿದ. ತೊಂಬತ್ತೆಂಟು ರೊಟ್ಟಿ ಉಳಿದಿದ್ದವು. ಎರಡು ಹೋದದ್ದಕ್ಕೆ ಅಳುವವಳು ನಾನಲ್ಲ.

ಲೀಡ್ಸ್: ತಂಗಿಯ ಅಡುಗೆಮನೆ

ನೀಲಳ ಮನೆಯ ಕೀಲಿ ನನಗೆ ಕೊಟ್ಟರು. ಒಲೆಯ ಪಕ್ಕ ಅವಳ ಕೈಬರಹದ ಡಬ್ಬಿಗಳು: ಸಾಸಿವೆ, ಜೀರಿಗೆ, 'ಅವ್ವನ ಖಾರ'. ಖಾರದ ಡಬ್ಬಿ ತಳ ಕಂಡಿತ್ತು. ನಾನು ತಂದದ್ದನ್ನು ತುಂಬಿಟ್ಟೆ.

ಆ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಸಿರುಗುಪ್ಪದಲ್ಲಿ ಮಧ್ಯಾಹ್ನ ಬಾಗಿಲು ಮುಚ್ಚಿದರೆ ಯಾರಿಗೆ ಹುಷಾರಿಲ್ಲವೆಂದು ನಾಲ್ಕು ಜನ ಬಂದು ಬಡಿಯುತ್ತಾರೆ. ಅಲ್ಲಿ ನಾಯಿಗೂ ಕೋಟು ಹಾಕುತ್ತಾರೆ. ನಾಯಿ ಅದನ್ನು ಸಹಿಸಿಕೊಂಡು ನಡೆಯುತ್ತದೆ. ಬಸ್ಸಿಗೆ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಪದ್ಧತಿ ಇನ್ನೂ ಹೋಗಿ ತಲುಪಿಲ್ಲ.

ಕೋರ್ಟು ನನಗೊಬ್ಬ ದುಭಾಷಿಯನ್ನು ಹುಡುಕಿ ಕೊಟ್ಟಿತ್ತು. ಸುಬ್ಬಾರಾವ್, ಮಗಳ ಮನೆಯಲ್ಲಿದ್ದ ಮುದುಕರು. ಗುಂತಕಲ್ಲು ಸ್ಟೇಷನ್ನಿನಲ್ಲಿ ಟಿಕೇಟು ಕೊಟ್ಟು ನಿವೃತ್ತರಾದವರು. ತೆಲುಗು ಬೆರೆಸಿದರೂ ನಮ್ಮ ಕನ್ನಡವನ್ನು ಸೊಗಸಾಗಿ ಆಡುತ್ತಿದ್ದರು. ಇಂಗ್ಲೆಂಡಿನಲ್ಲಿ ನನ್ನ ಭಾಷೆಗೆ ಗುಂತಕಲ್ಲಿನವರು ಸಿಕ್ಕರೆ ಬಳ್ಳಾರಿಯವರು ಸಿಕ್ಕಂತೆಯೇ. ಇದನ್ನು ನಾನು ದೊಡ್ಡ ದಯೆಗಳ ಪಟ್ಟಿಗೆ ಸೇರಿಸಿದ್ದೇನೆ.

ಮೊದಲ ದಿನ ಸಂಜೆ ಜೋನ್ ಹುಡುಗಿಯನ್ನು ಕರೆತಂದಳು. ಜೋನ್ ದಪ್ಪ ಕೈಗಳ, ಕೆಂಪು ಮೂಗಿನ ಹೆಂಗಸು. ಹುಡುಗಿ ಅವಳ ಕೋಟಿನ ಹಿಂದೆ ನಿಂತು ಇಣುಕಿದಳು. ಅಲ್ಲಿ ನಿಂತಿದ್ದು ಏಳು ವರ್ಷದ ನೀಲಳೇ. ನನಗೆ ಮಾತು ಹೊರಡುವ ಮೊದಲೇ ಬಾಯಿಗೆ ಬಂದದ್ದು, "ಬಾರಲೇ ಕಾಗಿಮರಿ."

ಹುಡುಗಿ ಕೋಟು ಬಿಟ್ಟು ಬಂದಳು. "ದೊಡ್ಡವ್ವ?" ಎಂದಳು. ಅಷ್ಟೇ.

ಶಾಲೆ ಬಿಟ್ಟ ಮೇಲೆ ರಾತ್ರಿಯೂಟದವರೆಗೆ ಅವಳು ನನ್ನ ಹತ್ತಿರ ಇರುವುದೆಂದೂ ಶನಿವಾರ ಇಲ್ಲೇ ಮಲಗುವುದೆಂದೂ ಏರ್ಪಾಡಾಯಿತು. ಜೋನ್ ಒಂದು ದಿನವೂ ಐದು ನಿಮಿಷ ತಡಮಾಡಿ ತರಲಿಲ್ಲ, ಐದು ನಿಮಿಷ ಮೊದಲು ಒಯ್ಯಲೂ ಇಲ್ಲ. ಹುಡುಗಿಯನ್ನು ಇಟ್ಟುಕೊಳ್ಳುವ ಆಸೆ ಅವಳಿಗಿತ್ತೆಂದು ಸುಬ್ಬಾರಾಯರು ಹೇಳಿದರು. ಹೇಳದಿದ್ದರೂ ಕಾಣುತ್ತಿತ್ತು.

ಮಂಗಳವಾರಗಳು

ಆ ದೇಶದಲ್ಲಿ ಮಗು ಯಾರ ಮನೆಯಲ್ಲಿರಬೇಕೆಂದು ನ್ಯಾಯಾಧೀಶರು ಸುಮ್ಮನೆ ಹೇಳುವುದಿಲ್ಲ. ಮೊದಲು ಕೋರ್ಟಿನ ಕಡೆಯಿಂದ ಒಬ್ಬರು ಮನೆಗೆ ಬಂದು ಮಗುವನ್ನೂ, ಕೇಳುವವರನ್ನೂ, ಅಡುಗೆಮನೆಯನ್ನೂ ನೋಡಿ ವರದಿ ಬರೆಯುತ್ತಾರೆ. ನಮ್ಮ ವರದಿ ಬರೆಯಲು ಬಂದವರು ಮಿಸ್ ಟೇಲರ್. ನಾನೂ ಹುಡುಗಿಯೂ ಅವರಿಗೆ ಕೋರ್ಟಿನಮ್ಮ ಎಂದು ಹೆಸರಿಟ್ಟೆವು. ಪ್ರತಿ ಮಂಗಳವಾರ ಬರುತ್ತಿದ್ದರು.

ಮೊದಲ ಸಲ ಬಂದಾಗ ಬಾಗಿಲ ಹೊರಗೆ ನನ್ನ ಚಪ್ಪಲಿ ನೋಡಿ, ಯಾರೂ ಹೇಳದೆ ತಮ್ಮ ಒದ್ದೆ ಬೂಟು ಕಳಚಿಟ್ಟರು. ಕಾಲುಚೀಲಕ್ಕೆ ಹೆಬ್ಬೆರಳಲ್ಲಿ ತೂತಿತ್ತು. ದಿನಕ್ಕೆ ಇಂಥ ಆರು ಮನೆ ಸುತ್ತುತ್ತಾರಂತೆ.

ಸ್ಟೂಲಿನ ಮೇಲೆ ಕುಳಿತು ನೋಟ್‌ಬುಕ್ಕು ತೆರೆದು, ಹುಡುಗಿ ಹೇಗೆ ಎಂದು ಕೇಳಿದರು. ನಾನು ಅವಳಿಗೆ ಹಾಲಿನಲ್ಲಿ ರೊಟ್ಟಿ ಹಿಸುಕುತ್ತಿದ್ದೆ.

"ಏನ್ ಹೇಳ್ಲಿ ತಾಯಿ. ಕಾಗಿಮರಿ ಹಂಗ ಐತಿ. ಮೂಗು ಚಪ್ಪಟಿ. ಉಣ್ಣಂಗಿಲ್ಲ, ತಿನ್ನಂಗಿಲ್ಲ. ಯಾವ ಕೆಲಸಕ್ಕೂ ಬರಂಗಿಲ್ಲ."

ಸುಬ್ಬಾರಾಯರು ಮುಖದಲ್ಲಿ ಒಂದು ಗೆರೆಯೂ ಅಲುಗದೆ ಇಂಗ್ಲೀಷಿನಲ್ಲಿ ಹೇಳಿದರು. ಮಿಸ್ ಟೇಲರ್ ಬರೆದುಕೊಂಡರು.

"ಮತ್ತೆ ಆಕೆಯನ್ನು ಯಾಕೆ ಕರೆದೊಯ್ಯಬೇಕೆಂದಿದ್ದೀರಿ?"

"ಇಂಥದ್ದು ಯಾರಿಗೆ ಬೇಕ್ರಿ? ನಮ್ಮ ಕರ್ಮ, ನಾವ ಒಯ್ತೀವಿ."

ಅದನ್ನೂ ಬರೆದುಕೊಂಡರು. ಹೊರಡುವಾಗ ಹುಡುಗಿಯ ಗದ್ದ ಹಿಡಿದು, ಎಷ್ಟು ಚೆಂದದ ಕಣ್ಣು ಎಂದುಬಿಟ್ಟರು. ಅವರು ಬೀದಿ ತಿರುಗುವುದರೊಳಗೆ ಅವ್ವನ ಗಂಟು ಬಿಚ್ಚಿ, ಹುಡುಗಿಗೆ ಉಪ್ಪು ಮೆಣಸಿನಕಾಯಿ ಮೂರು ಸಲ ನಿವಾಳಿಸಿ, ಗ್ಯಾಸಿನ ಉರಿಗೆ ಹಾಕಿದೆ. ಆಗಲೇ ಕೋರ್ಟಿನಮ್ಮ ಮರೆತ ಕೊಡೆಗಾಗಿ ಹಿಂದೆ ಬಂದರು. ಘಾಟು ತಲೆಗೇರಿ ಮಾತೇ ಆಡಲಾಗದೆ ಗೋಡೆ ಹಿಡಿದು ಕೆಮ್ಮಿದರು. ಘಾಟೆದ್ದರೆ ದೃಷ್ಟಿ ತಾಗಿಲ್ಲವೆಂದು ಅರ್ಥ. ನನಗೆ ಸಮಾಧಾನವಾಯಿತು. ಅವರಿಗೆ ಆದಂತೆ ಕಾಣಲಿಲ್ಲ.

ಎರಡನೆಯ ಮಂಗಳವಾರ ಹುಡುಗಿಯ ಮುಂದೆ ಬಣ್ಣದ ಪೆನ್ಸಿಲು ಇಟ್ಟು, ದೊಡ್ಡವ್ವನ ಊರು ಹೇಗಿರಬಹುದು ಬರೆ ಎಂದರು. ಅವಳು ಒಂದು ಸಣ್ಣ ಮನೆ, ಅದರೊಳಗೆ ಮನೆಗಿಂತ ದೊಡ್ಡ ಗೂಳಿ ಬರೆದಳು. ನೀಲ ಹೇಳಿದ ಕುರುಗೋಡಿನ ಬಸವಣ್ಣ.

"ಈ ಪ್ರಾಣಿ ಮನೆಯೊಳಗೇ ಇರುತ್ತದೆಯೇ?" ಕೋರ್ಟಿನಮ್ಮನ ಪ್ರಶ್ನೆ.

"ಹೂನ್ರಿ, ಗುಡಿ ಒಳಗ."

"ಕಟ್ಟಿ ಹಾಕಿರುತ್ತೀರಾ?"

"ಇಲ್ರಿ. ಎದ್ದಿಲ್ಲ ಇನ್ನೂ."

ಇದನ್ನು ಸುಬ್ಬಾರಾಯರು ಹಾಗೇ ಹೇಳಿದರು. ಕಲ್ಲಿನದೆಂದು ತಿಳಿಸಬೇಕಾದರೆ ಹುಡುಗಿಯೇ ಇಂಗ್ಲೀಷಿನಲ್ಲಿ ಬಾಯಿ ಹಾಕಬೇಕಾಯಿತು. ಆಮೇಲೆ ಕೋರ್ಟಿನಮ್ಮ ಹುಡುಗಿಯನ್ನು ಮುಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ ಅರ್ಧ ಗಂಟೆ ಮಾತಾಡಿದರು. ನಾನು ಪಾತ್ರೆ ತೊಳೆದೆ. ತೊಳೆದದ್ದನ್ನು ಮತ್ತೆ ತೊಳೆದೆ.

ಅವರು ಹೋದ ಮೇಲೆ ಸುಬ್ಬಾರಾಯರು ಬಾಗಿಲಲ್ಲೇ ನಿಂತರು.

"ಅಮ್ಮಾ, ಒಂದು ಮಾತು. ಹಿಂಗೇ ಆದ್ರೆ ಹುಡುಗಿ ನಿಮಗೆ ಸಿಗಲ್ಲ. ಈಯಮ್ಮನಿಗೆ ಮಗು ಮ್ಯಾಲೆ ಪ್ರೀತಿ ಇಲ್ಲ ಅಂತ ಬರ್ಕೊಂಡವ್ರೆ."

"ನಿಮಗ ಗೊತ್ತಿಲ್ಲೇನ್ರಿ ನಮ್ಮ ಕಡೆ ಪದ್ಧತಿ? ಗುಂತಕಲ್ಲಿನ್ಯಾಗ ಇದ್ದವ್ರು!"

"ಗೊತ್ತಮ್ಮಾ. ನನ್ನ ಮಗಳನ್ನು ಮದುವೆ ಆಗೋತನಕ ಕೋತಿ ಅಂತಲೇ ಕರ್ದೀನಿ."

"ಮತ್ತ ತಿಳಿಸಿ ಹೇಳಬಾರದೇನ್ರಿ?"

"ಪ್ರಮಾಣ ಮಾಡೀನಲ್ಲಮ್ಮಾ, ಅಂದದ್ದನ್ನಷ್ಟೇ ಅಂತೀನಿ ಅಂತ. ಮೂವತ್ತು ವರ್ಷ ಯಾವ ಊರಿಗೆ ಕೇಳಿದ್ರೋ ಆ ಊರಿಗೇ ಟಿಕೇಟು ಕೊಟ್ಟವ್ನು. ಹೊಸಪೇಟೆಗೆ ಕೇಳಿದೋರಿಗೆ, ನಿಮ್ಮ ಮುಖ ನೋಡಿದ್ರೆ ಬಳ್ಳಾರಿಗೆ ಹೋಗೋ ಹಂಗೈತೆ ಅಂತ ಬಳ್ಳಾರಿದು ಹರಿದುಕೊಡಾಕಾಗ್ತದಾ? ನೀವು ಬೇರೆ ಊರು ಕೇಳ್ರಿ, ಬೇರೆ ಟಿಕೇಟು ಕೊಡ್ತೀನಿ."

ಆ ರಾತ್ರಿ ಲಿಂಗಪೂಜೆಗೆ ಕುಳಿತವಳು ಎರಡು ಸಲ ಮಂತ್ರ ತಪ್ಪಿದೆ. ಹೊಗಳದಿದ್ದರೆ ಹುಡುಗಿ ಕೈತಪ್ಪುತ್ತಾಳೆ. ಹೊಗಳಿದರೆ ಏನಾಗುತ್ತದೆಂದು ಬಳ್ಳಾರಿ ಸ್ಟೇಷನ್ನಿನಲ್ಲಿ ನೋಡಿದ್ದೇನೆ.

ಮೂರನೆಯ ಮಂಗಳವಾರ

ಕೋರ್ಟಿನಮ್ಮ ಕುಳಿತವರೇ, "ಸಿರುಗುಪ್ಪದ ನಿಮ್ಮ ಮನೆ ಗುಡಿಸಲೇ?" ಎಂದು ಕೇಳಿದರು.

"ಹೂನ್ರಿ. ಬಡವರ ಗುಡಿಸಲು," ಎಂದೆ.

ಅವರು ಪೆನ್ನು ಕೆಳಗಿಟ್ಟು ಒಂದು ಕಾಗದ ತೆಗೆದರು. ನಮ್ಮ ಮನೆ ನೋಡಿ ತಿಳಿಸಬೇಕೆಂದು ಅವರು ಬಳ್ಳಾರಿಗೆ ಬರೆದಿದ್ದರಂತೆ. ಅಲ್ಲಿಯ ಪ್ರೊಬೇಷನ್ ಆಫೀಸರು ಹುಸೇನ್ ಸಾಹೇಬರು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ನೋಡಿ ಬರೆದ ಉತ್ತರ ಅದು. ಸುಬ್ಬಾರಾಯರು ಕನ್ನಡಕ್ಕೆ ತಿರುಗಿಸಿ ಓದಿದರು.

"ಮನೆಯ ಯಜಮಾನರು ತಮ್ಮದು ಗುಡಿಸಲು ಎಂದರು. ನಾನು ಎಣಿಸಿದೆ: ಎಂಟು ಅಂಕಣ, ಅಂಗಳ, ಬಾವಿ, ಎರಡು ಎಮ್ಮೆ. ಮನೆಯಲ್ಲಿ ಏನೂ ಇಲ್ಲ, ಗಂಜಿ ಕುಡಿದು ಹೋಗಿರೆಂದರು. ಐದು ಬಗೆ ಬಡಿಸಿದರು. ಹೆಂಡತಿ ಏನೂ ತಿಳಿಯದವಳು ಎಂದರು. ಓಣಿಯ ಹೆಂಗಸರು ಹೆರಿಗೆಗೂ ಜ್ವರಕ್ಕೂ ಮೊದಲು ಆಕೆಯನ್ನೇ ಕರೆಯುವುದಾಗಿ ತಿಳಿದುಬಂತು. ಈ ಕಡೆಯ ಜನ ತಮ್ಮದನ್ನು ತಾವು ಹೊಗಳುವುದಿಲ್ಲ, ಮಕ್ಕಳನ್ನಂತೂ ಇಲ್ಲವೇ ಇಲ್ಲ. ಹೇಳಿದ್ದನ್ನು ಕಂಡದ್ದರ ಪಕ್ಕದಲ್ಲಿಟ್ಟು ನೋಡಬೇಕಾಗಿ ವಿನಂತಿ."

ಐದು ಬಗೆ ನನ್ನ ನಾದಿನಿ ಮಾಡಿದ್ದು. ನಾನಿದ್ದಿದ್ದರೆ... ಇರಲಿ.

ಕೋರ್ಟಿನಮ್ಮ ತಮ್ಮ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ಪುಟದ ನಡುವೆ ಉದ್ದಕ್ಕೂ ಒಂದು ಗೆರೆ. ಎಡಕ್ಕೆ ಕೇಳಿದ್ದು, ಬಲಕ್ಕೆ ಕಂಡದ್ದು. ಸುಬ್ಬಾರಾಯರು ಓದಿ ಹೇಳಿದರು. ಎಡಕ್ಕೆ: ಉಣ್ಣುವುದಿಲ್ಲ, ಯಾವ ಕೆಲಸಕ್ಕೂ ಬಾರದವಳು. ಅದರೆದುರು ಬಲಕ್ಕೆ: ರೊಟ್ಟಿಯನ್ನು ಹಾಲಿನಲ್ಲಿ ಹಿಸುಕಿ, ಆರಿಸಿ, ಬಿಸಿ ಇದೆಯೇ ಎಂದು ತನ್ನ ನಾಲಿಗೆಗೆ ಹಚ್ಚಿ ನೋಡಿ ಕೊಟ್ಟಳು. ಎರಡು ಕಡೆಯೂ ಹೊಂದುತ್ತಿರಲಿಲ್ಲವಂತೆ. ಹೊಂದದ ಮನೆಗೆ ಅವರು ಮತ್ತೆ ಬರುತ್ತಾರಂತೆ. ಅದೇ ಅವರ ಕೆಲಸ.

"ಕಳೆದ ವಾರ ಒಳಗೆ ನಾನು ಮಗುವನ್ನು ಕೇಳಿದೆ," ಎಂದರು. "ಕಾಗೆ ಅಂದರೆ ನಿನಗೆ ಬೇಜಾರಿಲ್ಲವೇ ಎಂದು. ಅವ್ವನೂ ಹಾಗೇ ಕರೆಯುತ್ತಿದ್ದಳು, ಆಮೇಲೆ ಯಾರೂ ಕರೆಯಲೇ ಇಲ್ಲ, ದೊಡ್ಡವ್ವ ಬಂದ ಮೇಲೆ ಮತ್ತೆ ಕರೆಯುತ್ತಾಳೆ ಎಂದಳು."

ನಾನು ಆಗಲೇ ನಾದಿಟ್ಟಿದ್ದ ಹಿಟ್ಟನ್ನು ಇನ್ನೊಮ್ಮೆ ನಾದಿದೆ.

"ನನ್ನ ವರದಿಯನ್ನು ತಿದ್ದುತ್ತೇನೆ," ಎಂದರು ಕೋರ್ಟಿನಮ್ಮ. "ಆದರೆ ನ್ಯಾಯಾಧೀಶರು ನಿಮ್ಮನ್ನೇ ಕೇಳುತ್ತಾರೆ. ಅಲ್ಲಿ ನೀವು ಕಾಗೆ ಎಂದರೆ, ನಾನು ಎದ್ದುನಿಂತು ನಿಮ್ಮ ಪರವಾಗಿ ಹೊಗಳಲಾರೆ. ಅದು ನಿಮ್ಮ ಬಾಯಿಂದಲೇ ಬರಬೇಕು."

ಕೋರ್ಟು

ನ್ಯಾಯಾಧೀಶರ ತಲೆಯ ಮೇಲೆ ಬಿಳಿ ಕೂದಲಿನ ಟೋಪಿ ಇರುತ್ತದೆಂದು ಕೇಳಿದ್ದೆ. ಇರಲಿಲ್ಲ. ಮಕ್ಕಳ ವಿಷಯಕ್ಕೆ ಹಾಕುವುದಿಲ್ಲವಂತೆ. ಸಣ್ಣ ಕೋಣೆ, ಒಂದು ಮೇಜು, ಶೀತವಾಗಿದ್ದ ಒಬ್ಬ ಮುದುಕರು. ಹುಡುಗಿ ಹೊರಗಿನ ಬೆಂಚಿನಲ್ಲಿ ಜೋನ್ ಪಕ್ಕದಲ್ಲಿದ್ದಳು. ಜೋನ್ ಮೊದಲೇ ಒಳಗೆ ಬಂದು ಹೇಳಿ ಹೋಗಿದ್ದಳು: ದೊಡ್ಡಮ್ಮನಿಗೆ ನಿಜವಾಗಿ ಬೇಕಿದ್ದರೆ ಕೊಡಿ, ಇಲ್ಲವಾದರೆ ನನಗೆ ಕೊಡಿ ಎಂದು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

"ಈ ಮಗುವಿನ ಬಗ್ಗೆ ಏನು ಹೇಳುತ್ತೀರಿ?" ಎಂದರು ನ್ಯಾಯಾಧೀಶರು.

ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಉಪ್ಪು ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದೆ. ಬಸವಣ್ಣನನ್ನು ನೆನೆದೆ.

"ಹುಡುಗಿ..." ಎಂದೆ. ನಿಂತಿತು. ಸುಬ್ಬಾರಾಯರು ಅದನ್ನೂ ಇಂಗ್ಲೀಷಿನಲ್ಲಿ ಹೇಳಿ ಅವರೂ ನಿಂತರು. ಕೋರ್ಟಿನಮ್ಮ ತಲೆ ತಗ್ಗಿಸಿ ಬೂಟು ನೋಡುತ್ತಿದ್ದರು.

"ಹುಡುಗಿ ಚೆಂದ ಐತ್ರಿ," ಎಂದೆ. ಆಮೇಲೆ ತಡೆಯಲಾಗಲಿಲ್ಲ. "ಬಾಳ ಚೆಂದ ಐತಿ. ನಕ್ಕಾಗ ಎಡಗಲ್ಲದಾಗ ಕುಣಿ ಬೀಳ್ತೈತಿ, ಆಕಿ ಅವ್ವಗೂ ಅಲ್ಲೇ ಬೀಳ್ತಿತ್ತು. ಮಗ್ಗಿ ಹದಿನಾರರತನಕ ಬರ್ತೈತಿ, ನಮ್ಮ ಮನಿಯವ್ರು ಕೇಳಿದ್ರ ಹುಚ್ಚಾಗ್ತಾರ. ಉಂಡ ತಾಟು ತಾನ ತೊಳಿತಾಳ. ನಾನು ಅಳೋದು ಕಂಡ್ರ, ಉಳ್ಳಾಗಡ್ಡಿ ಹೆಚ್ಚಾಕತ್ತೀಯೇನು ದೊಡ್ಡವ್ವ ಅಂತ ಕೇಳ್ತಾಳ, ಉಳ್ಳಾಗಡ್ಡಿ ಇರಂಗಿಲ್ಲ ಅಂತ ಆಕಿಗೂ ಗೊತ್ತೈತಿ. ಶನಿವಾರ ಮಲಗಿದಾಗ ನನ್ನ ಸೆರಗು ಹಿಡ್ಕೊಂಡು ಮಲಗ್ತಾಳ್ರಿ. ನಾನು ಬೆಳಗಾಗೋತನಕ ಮಗ್ಗಲಾ ಹೊಳ್ಳಂಗಿಲ್ಲ. ನನಗ ಆಕಿ ಬೇಕ್ರಿ. ಕರ್ಮ ಅಂದಿದ್ದು ಸುಳ್ಳು. ಬೇಕು."

ಸುಬ್ಬಾರಾಯರು ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಉಳ್ಳಾಗಡ್ಡಿಯ ಹತ್ತಿರ ಅವರ ದನಿ ಸ್ವಲ್ಪ ಕೆಟ್ಟಿತು. ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಇರಬೇಕು. ಪಕ್ಕದಲ್ಲಿದ್ದ ಗುಮಾಸ್ತೆ ಟಕಟಕ ಬರೆದುಕೊಂಡಳು. ಅಷ್ಟು ಹೊಗಳಿಕೆ ಕಾಗದದ ಮೇಲೆ ಸಾಲುಸಾಲಾಗಿ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

"ಸಾಹೇಬ್ರ, ಒಂದು ಕೇಳ್ಲೇನ್ರಿ? ಈಗ ಬರಕೊಂಡ್ರಲ್ಲ, ಆ ಕಾಗದಕ್ಕ ಒಂಚೂರು ಉಪ್ಪು ನಿವಾಳಿಸ್ತೀನಿ."

ಸುಬ್ಬಾರಾಯರು ಕೇಳಿದ ಊರಿಗೇ ಟಿಕೇಟು ಕೊಟ್ಟರು. ನ್ಯಾಯಾಧೀಶರು ಮೂಗು ಒರೆಸಿಕೊಂಡರು. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇದ್ದಂತೆ ನೆನಪಿಲ್ಲ ಎಂದರು. ಕೋರ್ಟಿನಮ್ಮ ಕಾಗದಗಳನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಮೂರು ಸಲ ನಿವಾಳಿಸಿದೆ. ಮೆಣಸಿನಕಾಯಿಯನ್ನು ಮನೆಗೆ ಹೋಗಿ ಸುಟ್ಟೆ. ಘಾಟೆದ್ದು ಪಕ್ಕದ ಮನೆಯವರು ಕಿಟಕಿ ತೆರೆದರು. ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಹುಡುಗಿ ನನ್ನ ಜೊತೆ ಹೋಗಬಹುದು, ಆದರೆ ಬಳ್ಳಾರಿಯ ಸಾಹೇಬರು ಆರು ತಿಂಗಳಿಗೊಮ್ಮೆ ನೋಡಿ ಬರೆಯುತ್ತಿರಬೇಕು ಎಂದು ತೀರ್ಪಾಯಿತು.

ಲೀಡ್ಸ್ ಸ್ಟೇಷನ್ನು

ಕಳಿಸಲು ಮೂವರು ಬಂದಿದ್ದರು. ಸುಬ್ಬಾರಾಯರು ನಮ್ಮ ಟಿಕೇಟುಗಳನ್ನು ಕೇಳಿ ತೆಗೆದುಕೊಂಡು ಎರಡು ಸಲ ಪರೀಕ್ಷಿಸಿದರು. ಕೋರ್ಟಿನಮ್ಮ ಕೈ ಕುಲುಕಿ, ಇನ್ನೊಂದು ಮನೆಗೆ ಹೊತ್ತಾಯಿತೆಂದು ಹೊರಟರು. ಹಳೆಯ ಬೂಟೇ. ಒಳಗಿನ ಕಾಲುಚೀಲ ಹೊಲಿದಿದ್ದರೋ ಇಲ್ಲವೋ, ಕೇಳುವುದು ಸರಿಯಲ್ಲ.

ಜೋನ್ ಹುಡುಗಿಯ ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗೆ ಹಾಕಿದಳು. ಮತ್ತೆ ಬಿಚ್ಚಿ ಹಾಕಿದಳು. ಇಷ್ಟು ತಿಂಗಳೂ ಅವಳು ಹುಡುಗಿಯನ್ನು ಸುಂದರಿ, ಮುದ್ದು ಎಂದೇ ಕರೆದವಳು. ಈಗ ಮೊಣಕಾಲೂರಿ ಕುಳಿತು, ಅವಳ ಮುಖ ನೋಡಿ, ಏನೋ ಗಟ್ಟಿಯಾಗಿ ಹೇಳಿದಳು.

ನಾನು ಸುಬ್ಬಾರಾಯರ ಕಡೆ ನೋಡಿದೆ.

"ಎಂಥಾ ಅಸಹ್ಯದ ಕಾಗೆ ಇದು, ಅಂದಳಮ್ಮಾ," ಎಂದರು. "ಬೇಗ ಕರ್ಕೊಂಡು ಹೋಗ್ರಿ, ನನ್ನ ಕೈಲಿ ಇದರ ಮುಖ ನೋಡಾಕಾಗಲ್ಲ, ಅಂದಳು."

ರೈಲು ಬಿಟ್ಟ ಮೇಲೂ ಜೋನ್ ಮೊಣಕಾಲೂರಿಯೇ ಇದ್ದಳು. ಉಳಿದ ರೊಟ್ಟಿಗಳನ್ನೆಲ್ಲ ಅವಳ ಚೀಲಕ್ಕೆ ಹಾಕಿ ಬಂದಿದ್ದೆ. ಅವು ಕೆಡುವುದಿಲ್ಲ.

ಸಿರುಗುಪ್ಪ, ಮತ್ತೆ

ಆರು ತಿಂಗಳಾಗುತ್ತಲೇ ಹುಸೇನ್ ಸಾಹೇಬರು ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕುಳಿತು ಫೈಲು ಬಿಚ್ಚಿದರು. ಹುಡುಗಿ ಅಂಗಳದಲ್ಲಿ ಎಮ್ಮೆಯ ಬೆನ್ನಿನ ಮೇಲೆ ಕುಳಿತು ನಮ್ಮ ಮನೆಯವರಿಗೆ ಹದಿನೇಳರ ಮಗ್ಗಿ ಒಪ್ಪಿಸುತ್ತಿದ್ದಳು.

"ಹೆಂಗ ಅದಾಳಮ್ಮ ಹುಡುಗಿ?" ಎಂದರು.

"ಏನ್ ಹೇಳ್ಲಿ ಸಾಹೇಬ್ರ. ಬಿಸಿಲಿಗೆ ಇನ್ನೂ ಕರ್ರಗಾಗ್ಯಾಳ. ಮಾತ್ ಕೇಳಂಗಿಲ್ಲ. ಎಮ್ಮಿ ಬಿಟ್ಟು ಇಳಿಯಂಗಿಲ್ಲ. ಸಾಕಾಗೇತಿ ನನಗ."

ಸಾಹೇಬರು ಪೆನ್ನು ತೆಗೆದು ಒಂದೇ ಒಂದು ಸಾಲು ಬರೆದು, ಫೈಲಿಗೆ ದಾರ ಕಟ್ಟಿದರು.

"ಏನಂತ ಬರದ್ರಿ?" ಎಂದೆ.

"ಭಾಳ ಆರಾಮ ಅದಾಳ ಅಂತ," ಎಂದರು. "ಏನೂ ಇಲ್ಲ ಅಂತೀರಿ, ಗೊತ್ತೈತಿ. ಆದ್ರ ಊಟಕ್ಕ ಏನೇನು ಮಾಡೀರಿ?"

"ಏನೂ ಇಲ್ರಿ," ಎಂದು ಏಳು ಬಗೆ ಬಡಿಸಿದೆ.